ಕಂಠಪ್ಪನ ಜಾಗದಲ್ಲಿ ನಾನು ಕೂರಿಸಿದ ಹೆಸರು

ಅಕ್ಕನ ಕಾದಂಬರಿಯ ಮೇಲೆ ಬಂದ ಲಾಯರ್ ನೋಟಿಸನ್ನು ಮೊದಲು ಓದಿದವನು ನಾನು. ಅಕ್ಕ ಮಧುಗಿರಿಯ ತನ್ನ ಮನೆಯ ಜಗಲಿಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದಳು. ಕೈಯೆಲ್ಲ ಅಂಟು. ಪೋಸ್ಟಿನವರು ಕೊಟ್ಟುಹೋದ ಲಕೋಟೆಯನ್ನು ಮೊಣಕೈಯಿಂದ ನನ್ನ ಕಡೆ ತಳ್ಳಿ, "ಏನಂತೆ ಓದ್ಲಾ" ಅಂದಳು.

ನೋಟಿಸು ಕನ್ನಡದಲ್ಲೇ ಇತ್ತು. ಕಳಿಸಿದವರು ಶಿರಾದಲ್ಲಿರುವ ಒಬ್ಬ ನಿವೃತ್ತ ಮುಖ್ಯೋಪಾಧ್ಯಾಯಿನಿ. ಅವರ ತಂದೆಯ ಹೆಸರು ಗಿರಿಮಲ್ಲಪ್ಪ, ತೀರಿಕೊಂಡು ಬಹಳ ವರ್ಷವಾಗಿದೆ, ಬದುಕಿದ್ದಾಗ ಕಡಲೆಕಾಯಿ ಮಿಲ್ಲು ನಡೆಸುತ್ತಿದ್ದರು. ಅಕ್ಕನ ಕಾದಂಬರಿಯಲ್ಲೂ ಒಬ್ಬ ಗಿರಿಮಲ್ಲಪ್ಪ, ಅವನಿಗೂ ಕಡಲೆಕಾಯಿ ಮಿಲ್ಲು, ಅವನೂ ಶಿರಾ ಸೀಮೆಯವನು. ಆ ಕಾದಂಬರಿಯ ಗಿರಿಮಲ್ಲಪ್ಪ ಮಿಲ್ಲಿಗೆ ಕೂಲಿಗೆ ಬರುವ ಒಬ್ಬ ವಿಧವೆಯನ್ನು ಕೆಡಿಸಿ, ಅವಳು ಬಾವಿಗೆ ಬೀಳುವಂತೆ ಮಾಡುತ್ತಾನೆ. ಪುಸ್ತಕ ಈಗ ಪದವಿ ತರಗತಿಗೆ ಪಠ್ಯವಾಗಿದೆ. ಅದೇ ತರಗತಿಯಲ್ಲಿ ಕೂತಿರುವ ತಮ್ಮ ಅಣ್ಣನ ಮೊಮ್ಮಗಳನ್ನು ಜೊತೆಯವರು ಆಡಿಕೊಳ್ಳುತ್ತಿದ್ದಾರೆ. ಪುಸ್ತಕವನ್ನು ಹಿಂದಕ್ಕೆ ಪಡೆದು ಕ್ಷಮೆ ಕೇಳದಿದ್ದರೆ ಮಾನಹಾನಿ ಮೊಕದ್ದಮೆ ಹೂಡುತ್ತೇವೆ. ಇಷ್ಟು ವಿಷಯ.

ಅಕ್ಕ ಪೂರ್ತಿ ಕೇಳಿಸಿಕೊಂಡು ನಕ್ಕಳು. "ಆ ಹೆಸರು ನಂದೇ ಅಲ್ವಲ್ಲೋ. ನಾನು ಬರ್ದಿದ್ದು ಕಂಠಪ್ಪ. ನಿನ್ನ ಮೊಳೆ ಮಾಡಿದ ಕೆಲಸ ನೋಡು" ಅಂದಳು. ನಾನೂ ಅವಳ ಜೊತೆ ನಕ್ಕೆ. ಈಗ ಯೋಚಿಸಿದರೆ, ಅಷ್ಟು ವರ್ಷಗಳ ಹಿಂದೆ ನಾನು ಮಾಡಿದ್ದಕ್ಕಿಂತ ಆ ಹೊತ್ತು ನಕ್ಕಿದ್ದೇ ಹೆಚ್ಚು ಕೆಟ್ಟದ್ದು ಅನ್ನಿಸುತ್ತದೆ.

ಮೊಳೆ ಎಂದರೇನು ಎಂದು ಈಗಿನವರಿಗೆ ಹೇಳಬೇಕು. ಆರನೇ ಕ್ಲಾಸಿಗೆ ಸ್ಕೂಲು ಬಿಟ್ಟ ಮೇಲೆ ನಾನು ಮಧುಗಿರಿಯ ಒಂದು ಪ್ರೆಸ್ಸಿಗೆ ಸೇರಿದೆ. ಬೆಟ್ಟದ ಕಡೆಗಿನ ಬೀದಿಯಲ್ಲಿ ಉದ್ದಕ್ಕೆ ಒಂದೇ ಕೋಣೆ. ಅಲ್ಲಿ ಒಂದೊಂದು ಅಕ್ಷರವೂ ಒಂದೊಂದು ಸೀಸದ ಕಡ್ಡಿ. ಅದೇ ಮೊಳೆ. ಓರೆಯಾಗಿ ನಿಲ್ಲಿಸಿದ ಮರದ ಕೇಸಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಮನೆ. ಎಡಗೈಯಲ್ಲಿ ಸ್ಟಿಕ್ಕು ಎಂಬ ಲೋಹದ ಪಟ್ಟಿ ಹಿಡಿದು, ಬಲಗೈಯಲ್ಲಿ ನೋಡದೆಯೇ ಮೊಳೆ ಎತ್ತಿ ಸಾಲು ಜೋಡಿಸಬೇಕು. ಎಂಟು ಪುಟ ಆದ ಮೇಲೆ ಬಿಗಿದು ಮೆಷಿನ್ನಿಗೆ ಹಾಕಿ ಅಚ್ಚು ತೆಗೆಯಬೇಕು. ಆಮೇಲೆ ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಬಿಚ್ಚಿ, ಮೊಳೆಗಳನ್ನು ಮತ್ತೆ ಅವುಗಳ ಮನೆಗೆ ಸೇರಿಸಬೇಕು. ಆಗಲೇ ಮುಂದಿನ ಎಂಟು ಪುಟ. ಸೀಮೆಎಣ್ಣೆ, ಮಸಿ, ಬಿಸಿಲಿಗೆ ಕಾದ ತಗಡಿನ ಮಾಡು, ಇವು ಸೇರಿದ ಒಂದು ವಾಸನೆ ಇತ್ತು. ಈಗ ಕೊರಟಗೆರೆಯಲ್ಲಿ ನನ್ನದೇ ಅಂಗಡಿ ಇದೆ, ಕಂಪ್ಯೂಟರಿನಲ್ಲಿ ಮದುವೆ ಕಾರ್ಡು ಮಾಡುತ್ತೇನೆ. ಅಂಗಡಿಗೆ ಯಾವ ವಾಸನೆಯೂ ಇಲ್ಲ.

ಅಕ್ಕ ಓದಿದಳು. ತುಮಕೂರಿನಲ್ಲಿ ಹಾಸ್ಟೆಲಿನಲ್ಲಿದ್ದು ದಾದಿ ತರಬೇತಿ ಮುಗಿಸಿ, ಪಾವಗಡದ ಆಚೆ ಒಂದು ಆರೋಗ್ಯ ಉಪಕೇಂದ್ರಕ್ಕೆ ಹೋದಳು. ಬಸುರಿ ಬಾಣಂತಿಯರ ಮನೆ ಮನೆ ಸುತ್ತುವ ಕೆಲಸ. ಅರ್ಧ ತೆಲುಗು, ಅರ್ಧ ಕನ್ನಡ ಆಡುವ ಆ ಹೆಂಗಸರು ಇಂಜೆಕ್ಷನ್ ಚುಚ್ಚಿಸಿಕೊಳ್ಳುತ್ತಾ ಅವಳ ಹತ್ತಿರ ಹೇಳಬಾರದ್ದನ್ನೆಲ್ಲ ಹೇಳುತ್ತಿದ್ದರು. ಅವಳು ಇಲಾಖೆಯ ಹಳೆಯ ಫಾರಂಗಳ ಬೆನ್ನಿಗೆ ಕಾದಂಬರಿ ಬರೆದಳು. ಬರೆದಷ್ಟು ಬರೆದಷ್ಟು ಪಾವಗಡದ ಬಸ್ಸಿನ ಕಂಡಕ್ಟರ್ ಕೈಲಿ ಕಳಿಸುತ್ತಿದ್ದಳು. ನಾನು ಬಸ್‌ಸ್ಟ್ಯಾಂಡಿಗೆ ಹೋಗಿ ಇಸಕೊಂಡು ಬಂದು ಮೊಳೆ ಜೋಡಿಸುತ್ತಿದ್ದೆ. ನಮ್ಮ ಪ್ರೆಸ್ಸಿನ ಯಜಮಾನರೇ ಪ್ರಕಾಶಕರು. ಪ್ರೆಸ್ಸಿನಲ್ಲಿ ಹಸ್ತಪ್ರತಿಗೆ ಇದ್ದ ಮರ್ಯಾದೆ ಜೋಡಿಸುವ ತನಕ ಮಾತ್ರ. ಆಮೇಲೆ ಆ ಹಾಳೆಯಲ್ಲೇ ರೋಲರಿನ ಮಸಿ ಒರೆಸುತ್ತಿದ್ದೆವು. ಅಕ್ಕನ ಕೈಬರಹವೂ ಹಾಗೇ ಹೋಯಿತು.

ಕಾದಂಬರಿಯ ಮಿಲ್ಲಿನ ಯಜಮಾನನಿಗೆ ಅವಳು ಇಟ್ಟಿದ್ದ ಹೆಸರು ಕಂಠಪ್ಪ. ಅವನು ಪುಟಪುಟಕ್ಕೂ ಬರುತ್ತಿದ್ದ. ನಮ್ಮ ಕೇಸಿನ 'ಠ' ಮನೆಯಲ್ಲಿ ಇದ್ದದ್ದೇ ಒಂದು ಹಿಡಿ ಮೊಳೆ. ಎಂಟು ಪುಟದ ಒಂದು ಫಾರಂ ಅರ್ಧ ಆಗುವಷ್ಟರಲ್ಲಿ ಖಾಲಿ. ಬೆಂಗಳೂರಿನಿಂದ ಮೊಳೆ ತರಿಸೋಣ ಅಂದರೆ ಯಜಮಾನರು ಒಪ್ಪಲಿಲ್ಲ. ಗ್ರಂಥಾಲಯದವರು ಸಗಟಾಗಿ ಪುಸ್ತಕ ಕೊಳ್ಳುವುದಕ್ಕೆ ಪ್ರತಿ ಒಪ್ಪಿಸುವ ಕಡೆಯ ದಿನ ಹತ್ತಿರ ಬಂದಿತ್ತು. ಅದು ತಪ್ಪಿದರೆ ಪುಸ್ತಕ ಗೋಡೌನಿನಲ್ಲೇ ಉಳಿಯುತ್ತದೆ. "ಯಾವುದೋ ಒಂದು ಹೆಸರು ಹಾಕಯ್ಯ, ನಿಮ್ಮಕ್ಕನಿಗೆ ನಾನು ಹೇಳ್ಕೋತೀನಿ" ಅಂದರು.

ನಾನು ಹಾಕಿದೆ. ಗಿರಿಮಲ್ಲಪ್ಪ. 'ಲ್ಲ', 'ಪ್ಪ' ಕೇಸಿನ ತುಂಬ ಇದ್ದವು. ಪುಸ್ತಕ ಅಕ್ಕನ ಕೈಸೇರಿದಾಗ ಅವಳು ಸಿಟ್ಟಾದಳು. ಮೊಳೆ ಸಾಲಲಿಲ್ಲ ಅಂದೆ. ಅದು ನಿಜವೇ ಆದ್ದರಿಂದ ಅವಳು ನಂಬಿದಳು. ಆಮೇಲೆ ಅದು ನಮ್ಮ ಮನೆಯಲ್ಲಿ ಒಂದು ತಮಾಷೆಯ ಕತೆಯಾಯಿತು. ಬಂದವರಿಗೆಲ್ಲ ಹೇಳುತ್ತಿದ್ದಳು. ಮರುಮುದ್ರಣವಾದಾಗಲೂ ಜನರಿಗೆ ಗೊತ್ತಾದ ಹೆಸರೇ ಇರಲಿ ಎಂದು ಬಿಟ್ಟಳು.

ನೋಟಿಸು ಬಂದ ವಾರವೇ ನಾವಿಬ್ಬರೂ ಮಧುಗಿರಿ ಕೋರ್ಟಿನ ಹತ್ತಿರ ಒಬ್ಬ ವಕೀಲೆಯನ್ನು ಕಂಡೆವು. ಚಿಕ್ಕ ವಯಸ್ಸಿನವರು. ಕಾದಂಬರಿಯನ್ನು ಇಟ್ಟುಹೋಗಿ ಅಂದರು. ಮತ್ತೆ ಹೋದಾಗ ಪುಟಪುಟಕ್ಕೂ ಪೆನ್ಸಿಲ್ ಗುರುತು ಮಾಡಿ ಇಟ್ಟಿದ್ದರು. ಪುಸ್ತಕದ ಮೊದಲಲ್ಲಿ 'ಪಾತ್ರಗಳೆಲ್ಲ ಕಾಲ್ಪನಿಕ' ಎಂಬ ಸಾಲು ಇದೆಯಲ್ಲ ಎಂದು ಅಕ್ಕ ಕೇಳಿದಳು. ಆ ಸಾಲೊಂದರಿಂದಲೇ ಯಾರೂ ಪಾರಾಗುವುದಿಲ್ಲ, ಓದಿದವರು ಇವನು ಇಂಥವನೇ ಎಂದು ಗುರುತು ಹಿಡಿಯುವಂತಿದೆಯೇ ಎನ್ನುವುದೇ ಪ್ರಶ್ನೆ ಎಂದು ವಕೀಲೆ ವಿವರಿಸಿದರು. ಸತ್ತವರ ವಿಷಯವಾದರೂ ಮನೆಯವರ ಮನಸ್ಸು ನೋಯಿಸುವ ಉದ್ದೇಶ ಇತ್ತು ಎಂದಾದರೆ ಕ್ರಿಮಿನಲ್ ಮೊಕದ್ದಮೆ ಹಾಕಬಹುದಂತೆ. ಮೊದಲ ಮುದ್ರಣ ಹಳೆಯದಾದರೂ ಮರುಮುದ್ರಣ ಎಂದರೆ ಹೊಸದಾಗಿ ಪ್ರಕಟಿಸಿದಂತೆಯೇ ಲೆಕ್ಕವಂತೆ.

ಆಮೇಲೆ ಅವರು, ಮರುಮುದ್ರಣ ಮಾಡಿದ ತುಮಕೂರಿನ ಹೊಸ ಪ್ರಕಾಶಕರ ಕರಾರುಪತ್ರ ತೆಗೆಸಿದರು. ಪಠ್ಯವಾದ ಖುಷಿಯಲ್ಲಿ ಅಕ್ಕ ಅದಕ್ಕೆ ಓದದೆ ಸಹಿ ಹಾಕಿದ್ದಳು. ಪುಸ್ತಕದಿಂದ ಯಾರ ಮಾನಕ್ಕೂ ಧಕ್ಕೆಯಿಲ್ಲವೆಂದು ಲೇಖಕಿ ಭರವಸೆ ಕೊಡುತ್ತಾರೆ, ಅಂಥ ತಕರಾರು ಬಂದರೆ ಪ್ರಕಾಶಕರ ಖರ್ಚನ್ನೂ ಲೇಖಕಿಯೇ ತುಂಬಬೇಕು ಎಂದಿತ್ತು. ಪ್ರಕಾಶಕರು ಆಗಲೇ ಮಾರಾಟ ನಿಲ್ಲಿಸಿದ್ದರು. ಮುಂದಿನ ವರ್ಷದ ತರಗತಿ ಶುರುವಾಗುವುದರೊಳಗೆ ಇತ್ಯರ್ಥವಾಗದಿದ್ದರೆ ಪಠ್ಯದಿಂದಲೂ ತೆಗೆಯುತ್ತಾರೆ ಎಂದು ಫೋನಿನಲ್ಲಿ ಹೇಳಿದರು. ಅಕ್ಕನಿಗೆ ದುಡ್ಡಿನ ಚಿಂತೆ ಇರಲಿಲ್ಲ. ಅವಳು ಬರೆದದ್ದರಲ್ಲಿ ಜನ ಓದಿದ್ದು ಅದೊಂದೇ ಪುಸ್ತಕ. ಯಾವ ಯಾವುದೋ ಊರಿನ ಹುಡುಗಿಯರು ಪರೀಕ್ಷೆಗೆ ಓದಿ, ನಂಬರು ಹುಡುಕಿ ಅವಳಿಗೆ ಫೋನು ಮಾಡುತ್ತಿದ್ದರು. ಆ ಫೋನು ಬಂದ ದಿನ ಅವಳ ಮುಖವೇ ಬೇರೆಯಾಗಿರುತ್ತಿತ್ತು.

ವಕೀಲೆಗೆ ಮೊಳೆಯ ಕತೆ ತುಂಬ ಹಿಡಿಸಿತು. ಇದೇ ನಮ್ಮ ಉತ್ತರ ಅಂದರು. ಲೇಖಕಿ ಇಟ್ಟ ಹೆಸರು ಬೇರೆ, ಅಕ್ಷರದ ಅಭಾವದಿಂದ ಮುದ್ರಕರು ಬದಲಿಸಿದರು, ಹೆಸರು ಕೂಡಿದ್ದು ಆಕಸ್ಮಿಕ. ಹಸ್ತಪ್ರತಿ ಇಲ್ಲ, ಪ್ರೆಸ್ಸಿನ ಯಜಮಾನರು ತೀರಿಕೊಂಡಿದ್ದಾರೆ. ಹಾಗಾಗಿ ಮೊಳೆ ಜೋಡಿಸಿದ ನಾನೇ ಪ್ರಮಾಣಪತ್ರ ಮಾಡಿಕೊಡಬೇಕು. "ಆ ಹೆಸರಿನವರು ಯಾರಾದ್ರೂ ನಿಮಗೆ ಗೊತ್ತಿದ್ರಾ?" ಎಂದು ಕೇಳಿದರು.

ಇಲ್ಲ ಅಂದೆ.

ಗೊತ್ತಿತ್ತು. ನಾನು ಸ್ಕೂಲಿಗೆ ಹೋಗುತ್ತಿದ್ದಾಗ ಅಪ್ಪ ಶಿರಾ ಕಡೆಯ ಆ ಗಿರಿಮಲ್ಲಪ್ಪನವರ ಮಿಲ್ಲಿನಲ್ಲೇ ಮೂಟೆ ಹೊರುತ್ತಿದ್ದ. ರಜೆಯಲ್ಲಿ ನಾನೂ ಹೋಗಿ ಸಿಪ್ಪೆಯ ಗುಡ್ಡೆಯ ಮೇಲೆ ಆಡುತ್ತಿದ್ದೆ. ಒಂದು ಸಂಜೆ ಕೆಲಸ ಬಿಡುವ ಹೊತ್ತಿಗೆ ಯಜಮಾನರು ಅಪ್ಪನನ್ನು ಬಾಗಿಲಲ್ಲಿ ತಡೆದರು. ಕಾಯಿ ಕದ್ದಿದ್ದೀಯ ಅಂದರು. ಎಲ್ಲರ ಎದುರಿಗೆ ತಲೆಯ ಟವಲ್ ಬಿಚ್ಚಿಸಿ ಕೊಡವಿಸಿದರು, ಆಮೇಲೆ ಪಂಚೆಯ ಗಂಟನ್ನೂ ಬಿಚ್ಚಿಸಿದರು. ಏನೂ ಬೀಳಲಿಲ್ಲ. ಹೋಗು ಅಂದರು. ಅಪ್ಪ ಪಂಚೆ ಕಟ್ಟಿಕೊಂಡು, ನನ್ನ ಕೈ ಹಿಡಿದು ನಡೆದ. ಅದಾದ ಮೇಲೆ ನಾವು ಮಧುಗಿರಿಗೆ ಬಂದೆವು. ಅಪ್ಪ ಆ ಮಿಲ್ಲಿಗೆ ಸೇರಿದ್ದು ಅಕ್ಕ ಹಾಸ್ಟೆಲಿಗೆ ಹೋದ ಮೇಲೆ, ಅದು ಯಾರ ಮಿಲ್ಲು ಎಂದೂ ಅವಳಿಗೆ ಗೊತ್ತಿರಲಿಲ್ಲ. ಅಪ್ಪ ಅವಳಿಗೆ ಹೇಳಲಿಲ್ಲ, ನಾನೂ ಹೇಳಲಿಲ್ಲ.

'ಠ' ಮನೆ ಖಾಲಿಯಾದ ದಿನ ನನ್ನ ಕೈಗೆ ಬೇರೆ ಹೆಸರುಗಳು ಸಿಗುತ್ತಿರಲಿಲ್ಲವೇ? ರಾಮಪ್ಪ, ಹನುಮಪ್ಪ, ಯಾವುದಾದರೂ ಆಗುತ್ತಿತ್ತು. ಪ್ರೆಸ್ಸಿನ ಯಜಮಾನರು ಯಾವುದೋ ಒಂದು ಹೆಸರು ಅಂದಾಗ ನನ್ನ ಕೈ ನೇರವಾಗಿ 'ಗಿ' ಮನೆಗೆ ಹೋಯಿತು. ಆ ವಿಧವೆ ಬಾವಿಗೆ ಬೀಳುವ ಅಧ್ಯಾಯ ಜೋಡಿಸುವಾಗ ನನಗೆ ಒಳಗೊಳಗೇ ಖುಷಿಯಾಗಿತ್ತು. 'ಪಾತ್ರಗಳೆಲ್ಲ ಕಾಲ್ಪನಿಕ' ಸಾಲನ್ನೂ ನಾನೇ ಜೋಡಿಸಿದೆ.

ಪುಸ್ತಕ ಬಂದ ಮೇಲೆ ಅಪ್ಪನಿಗೆ ಓದಿ ಹೇಳಿದೆ. ಅಪ್ಪನಿಗೆ ಓದು ಬರುತ್ತಿರಲಿಲ್ಲ, ಮಗಳು ಬರೆದದ್ದು ಎಂದು ಗೋಡೆಗೆ ಒರಗಿ ಕೂತು ಕೇಳುತ್ತಿದ್ದ. ಆ ಹೆಸರು ಬಂದ ಕೂಡಲೇ ನನ್ನ ಮುಖ ನೋಡಿದ. ಅವನು ಸಂತೋಷಪಡುತ್ತಾನೆ ಎಂದುಕೊಂಡಿದ್ದೆ.

"ಆ ಹೆಸ್ರು ಯಾಕ್ಲಾ ಬಂತು ಇಲ್ಲಿ?"

"ಮೊಳೆ ಸಾಲ್ಲಿಲ್ಲಪ್ಪ."

"ಸಾಕು ಬುಡು, ಓದ್ಬ್ಯಾಡ" ಅಂದು ಎದ್ದು ಹೊರಗೆ ಹೋದ. ಉಳಿದ ಕತೆಯನ್ನು ಅವನು ಕೊನೆಯವರೆಗೂ ಕೇಳಲಿಲ್ಲ. ಅಪ್ಪನಿಗೆ ಯಾಕೋ ಕಾದಂಬರಿ ಹಿಡಿಸಲಿಲ್ಲ ಎಂದು ಅಕ್ಕ ಬೇಜಾರು ಮಾಡಿಕೊಂಡಿದ್ದಳು.

ಪ್ರಮಾಣಪತ್ರ ಸಿದ್ಧವಾಯಿತು. ನಾವು ಮೂವರೂ ನೋಟರಿಯ ಹತ್ತಿರ ಹೋದೆವು. ಕೋರ್ಟಿನ ಮುಂದೆ ಮರದ ಕೆಳಗೆ ಅವರ ಮೇಜು. ಸಹಿಗೆ ಮುಂಚೆ ಅವರು ಗಟ್ಟಿಯಾಗಿ ಓದಿದರು. ಅಂಥ ಕಾಗದದಲ್ಲಿ ಮೊದಲು ನನ್ನ ಹೆಸರು, ಆಮೇಲೆ 'ಬಿನ್' ಎಂದು ಅಪ್ಪನ ಹೆಸರು. ನಾನು ಇಂಥವರ ಮಗ, ದೇವರ ಸಾಕ್ಷಿಯಾಗಿ ಹೇಳುವುದೇನೆಂದರೆ. ಅದಾಗಿ ಸ್ವಲ್ಪ ಕೆಳಗೆ, ಸದರಿ ಗಿರಿಮಲ್ಲಪ್ಪ ಎಂಬುವವರನ್ನು ನಾನಾಗಲಿ ನನ್ನ ಕುಟುಂಬದವರಾಗಲಿ ಬಲ್ಲವರಲ್ಲ.

ಪೆನ್ನು ಕೈಯಲ್ಲಿತ್ತು. ಅಪ್ಪನ ಹೆಸರು, ಗಿರಿಮಲ್ಲಪ್ಪನ ಹೆಸರು ಒಂದೇ ಹಾಳೆಯಲ್ಲಿದ್ದವು. ಬಲ್ಲವರಲ್ಲ ಎಂದು ನಾನು ಸಹಿ ಹಾಕಿದರೆ ಆ ಸಂಜೆ ಆಗಲೇ ಇಲ್ಲ ಎಂದು ಹೇಳಿದ ಹಾಗೆ. ಅಪ್ಪ ಯಾರ ಎದುರಿಗೂ ಪಂಚೆ ಬಿಚ್ಚಲಿಲ್ಲ ಎಂದ ಹಾಗೆ. ಆ ದಿನ ಅಪ್ಪನ ಕೈ ಹಿಡಿದಿದ್ದವನು ನಾನೊಬ್ಬನೇ. ಪೆನ್ನು ಕೆಳಗಿಟ್ಟು, "ಇದಕ್ಕೆ ಸಹಿ ಹಾಕಕ್ಕಾಗಲ್ಲ ಮೇಡಂ, ನಂಗೆ ಗೊತ್ತಿತ್ತು" ಅಂದೆ.

ವಕೀಲೆ ನಮ್ಮನ್ನು ಕೋರ್ಟಿನ ವರಾಂಡಕ್ಕೆ ಕರೆದುಕೊಂಡು ಹೋದರು. ಅಲ್ಲಿಯ ಬೆಂಚಿನ ಮೇಲೆ ಕೂತು ಟವಲಿನಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಅಕ್ಕ ಎದುರಿಗಿದ್ದ ಬೆಟ್ಟವನ್ನು ನೋಡುತ್ತಾ ಕೂತಿದ್ದಳು. ನಾನು ಮುಗಿಸಿದ ಮೇಲೆ ನನ್ನ ಕಡೆ ತಿರುಗಿದಳು. ಆಮೇಲೆ ಕೇಳಿದಳು.

"ಕಂಠಪ್ಪನ್ನ ನಾನು ಹೆಂಗೆ ಮಾಡ್ದೆ, ಗೊತ್ತೇನ್ಲಾ ನಿಂಗೆ?"

ಗೊತ್ತಿಲ್ಲಕ್ಕ ಅಂದೆ.

"ಪಾವಗಡದ ಕಡೆ ಹೆಂಗಸ್ರು ನನ್ನ ನಂಬಿ ಹೇಳಿದ್ದು ಅದೆಲ್ಲ. ಯಾರ ಮನೆ ಕತೆ ಅಂತ ಒಬ್ಬರಿಗೂ ಗೊತ್ತಾಗ್ಬಾರ್ದು ಅಂತ ಒಂದೂರಿನ ಗಂಡ್ಸು, ಇನ್ನೊಂದೂರಿನ ಮಿಲ್ಲು, ಮತ್ತೊಂದೂರಿನ ಬಾವಿ ಸೇರ್ಸಿದ್ದೆ. ಶಿರಾ ಕಡೇಗೆ ಎತ್ತಾಕಿದ್ದೂ ಅದಕ್ಕೇ. ಹೆಸ್ರಿಗೇ ನಾನು ಎಷ್ಟು ದಿನ ಯೋಚ್ನೆ ಮಾಡಿದ್ದೆ, ನಮ್ಮ ಸೀಮೇಲಿ ಆ ಹೆಸ್ರಿನ ಮಿಲ್ಲಿನೋನು ಯಾರೂ ಇಲ್ಲ ಅಂತ ವಿಚಾರ್ಸಿ ಇಟ್ಟಿದ್ದೆ. ಅದ್ರೊಳಗೆ ನೀನು ನಿನ್ನ ಜಗಳ ತಂದಾಕ್ಬುಟ್ಟೆ."

"ಅಪ್ಪಂಗೆ ಮಾಡಿದ್ದು ಅಕ್ಕ ಅವ್ನು..."

"ನಂಗೂ ಅಪ್ಪನೇ ಕಣ್ಲಾ. ನಂಗೆ ಯಾಕೆ ಹೇಳ್ಲಿಲ್ಲ?"

ಅವಳು ಓದಲು ಹೋದಳು, ನಾನು ಉಳಿದೆ. ಅಪ್ಪನ ಆ ಸಂಜೆಯಾದರೂ ನನಗೊಬ್ಬನಿಗೇ ಇರಲಿ ಎಂದು ಇಟ್ಟುಕೊಂಡಿದ್ದೆನೋ ಏನೋ.

ವಕೀಲೆ ಇಬ್ಬರಿಗೂ ಸಮಾಧಾನ ಹೇಳುವ ಗೋಜಿಗೆ ಹೋಗಲಿಲ್ಲ. ಆಕಸ್ಮಿಕ ಎಂಬ ಉತ್ತರ ಇನ್ನು ಕೊಡಲು ಬರುವುದಿಲ್ಲ ಅಂದರು. ಅಕ್ಕನಿಗೆ ಏನೂ ಗೊತ್ತಿರಲಿಲ್ಲ ಎನ್ನುವುದು ಗಟ್ಟಿಯಾಗಿ ನಿಲ್ಲುತ್ತದೆ, ಆದರೆ ನಾನು ನಿಜ ಒಪ್ಪಿಕೊಂಡರೆ, ಗೊತ್ತಿದ್ದೂ ಅಚ್ಚು ಹಾಕಿದವನೆಂದು ನನ್ನ ಮೇಲೆಯೇ ಕೇಸು ಬರಬಹುದು. ಬರೆದು ಕೊಡುವ ಮುಂಚೆ ಒಮ್ಮೆ ನೋಟಿಸು ಕಳಿಸಿದ ಆ ಮೇಷ್ಟ್ರಮ್ಮನನ್ನು ಕಂಡು ಬರುವುದು ಒಳ್ಳೆಯದು, ಅವರ ವಕೀಲರಿಗೆ ತಾವೇ ಹೇಳುವುದಾಗಿ ತಿಳಿಸಿದರು. ಬರಲಿ, ಕೇಸು ಬಂದರೆ ಬರಲಿ ಅಂದೆ. ಅಕ್ಕ ಎದ್ದು ಬಸ್ಸಿನ ಕಡೆ ನಡೆದಳು.

ಶಿರಾದ ಆ ಮನೆಯಲ್ಲಿ ಮೇಷ್ಟ್ರಮ್ಮ ಒಬ್ಬರೇ ಇದ್ದರು. ನಮಗೆ ನೀರು ಕೊಟ್ಟರು, ಕೂರಲು ಹೇಳಿದರು. ಕಾದಂಬರಿ ಅವರ ಮೇಜಿನ ಮೇಲೇ ಇತ್ತು. ಅಕ್ಕ ತಾನು ಇಟ್ಟ ಹೆಸರು ಬೇರೆ ಎಂದಷ್ಟೇ ಹೇಳಿ, ಮಿಕ್ಕದ್ದನ್ನು ನನಗೆ ಬಿಟ್ಟಳು. ಅಪ್ಪನ ಟವಲಿನ ವಿಷಯವನ್ನು ನಾನು ಆ ಮನುಷ್ಯನ ಮಗಳ ಎದುರಿಗೆ ಹೇಳಬೇಕಾಯಿತು. ಗೋಡೆಯ ಮೇಲೆ ಗಿರಿಮಲ್ಲಪ್ಪನವರ ಫೋಟೋ ಇತ್ತು. ವಯಸ್ಸಾದ ಮೇಲೆ ತೆಗೆಸಿದ್ದು. ಅಷ್ಟು ವರ್ಷ ನಾನು ನೆನಪಿಟ್ಟುಕೊಂಡಿದ್ದ ಮುಖ ಅದಾಗಿರಲಿಲ್ಲ.

ಮೇಷ್ಟ್ರಮ್ಮ ಕೇಳಿ ಮುಗಿಸಿ, ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಮಾಡಿರ್ತಾರೆ" ಅಂದರು. "ನಮ್ಮಪ್ಪನ ಬಾಯಿ, ಕೈ ಎರಡೂ ಕೆಟ್ಟದ್ದು. ಮಿಲ್ಲಿನೋರನ್ನ ಮನುಷ್ಯರು ಅಂತ ನೋಡ್ತಿರ್ಲಿಲ್ಲ. ನಾವು ಮಕ್ಕಳೂ ಹೊಡೆಸ್ಕೊಂಡಿದ್ದೀವಿ. ಆದ್ರೆ ಹೆಣ್ಣುಮಕ್ಕಳ ತಂಟೆಗೆ ಹೋದೋರಲ್ಲ. ಆ ಹುಡುಗಿ ಕಾಲೇಜಿಂದ ಬಂದು, ಆ ಬಾವಿ ಎಲ್ಲಿದೆ ಅಜ್ಜಿ ಅಂತ ನನ್ನ ಕೇಳ್ತು. ನಾನು ಏನಂತ ಹೇಳ್ಲಿ?"

ಕನ್ನಡಕವನ್ನು ಕಾದಂಬರಿಯ ಮೇಲೆ ಇಟ್ಟರು.

"ಟವಲ್ ಬಿಚ್ಚಿಸಿದ್ದನ್ನ ಬೇಕಾದ್ರೆ ಅವರ ಹೆಸರು ಹಾಕಿಯೇ ಬರೀರಿ. ನಾನು ಅಡ್ಡ ಬರಲ್ಲ. ಇದನ್ನ ಮಾತ್ರ ತೆಗೀರಿ."

ಅಲ್ಲಿಂದ ಮುಂದಿನದೆಲ್ಲ ಕಾಗದದ ಕೆಲಸ. ರಾಜಿಪತ್ರದಲ್ಲಿ ನಾನು ಮಾಡಿದ್ದನ್ನು ನಾನೇ ಮಾಡಿದ್ದೆಂದು ಬರೆಸಿದೆ. ಹಳೆಯ ಪ್ರತಿ ಮಾರುವಂತಿಲ್ಲ, ಪಾತ್ರಕ್ಕೆ ಲೇಖಕಿ ಇಟ್ಟ ಹೆಸರೇ ಮರಳಿ ಬರಬೇಕು, ಹಿಂದಿನ ಮುದ್ರಣಗಳ ಹೆಸರನ್ನು ಮುದ್ರಕ ಹಾಕಿದ್ದು, ಅದರ ಹೊಣೆ ಲೇಖಕಿಯದಲ್ಲ ಎಂಬ ಮಾತು ಮೊದಲ ಪುಟದಲ್ಲಿರಬೇಕು. ಅವರು ನೋಟಿಸು ಹಿಂದಕ್ಕೆ ಪಡೆದರು. ಹೊಸ ಮುದ್ರಣದ ಖರ್ಚು ಕರಾರಿನ ಪ್ರಕಾರ ಅಕ್ಕನ ತಲೆಗೆ ಬಂದಿತ್ತು. ಅದನ್ನು ನಾನು ಹೊತ್ತೆ. ಅದು ಏನೂ ಅಲ್ಲ.

ಹೆಸರು ಬದಲಿಸುವ ಕೆಲಸವನ್ನು ನನ್ನ ಅಂಗಡಿಯಲ್ಲೇ ಮಾಡಿದೆ. ಪ್ರಕಾಶಕರು ಕಳಿಸಿದ ಫೈಲು ತೆರೆದು, ಕಂಪ್ಯೂಟರಿಗೆ ಹುಡುಕಿ ಬದಲಿಸು ಅಂದರೆ ಕಣ್ಣು ಮಿಟುಕಿಸುವುದರಲ್ಲಿ ಮುಗಿಯಿತು. ನಂಬಲಾಗಲಿಲ್ಲ. ಮೊದಲಿನಿಂದ ಒಂದೊಂದೇ ಸಾಲು ಓದಿದೆ. ಮಿಲ್ಲಿನ ಹೆಂಗಸರು ಅವನನ್ನು ಗಿರಿಯಣ್ಣ ಅನ್ನುವ ಕಡೆಯೆಲ್ಲ ಹಾಗೇ ಉಳಿದಿತ್ತು. ಅಕ್ಕ ಬರೆದದ್ದು ಕಂಠಣ್ಣ. ಅದನ್ನೂ ಅಂದು ನಾನೇ ಮಾರ್ಪಡಿಸಿದ್ದೆ. ಸಾಲಿನ ಕೊನೆಯಲ್ಲಿ ಹೆಸರು ತುಂಡಾಗಿದ್ದ ಕಡೆ ಕಂಪ್ಯೂಟರಿಗೆ ಗೊತ್ತೇ ಆಗಿರಲಿಲ್ಲ. ಒಂದೊಂದನ್ನೂ ಕೈಯಿಂದ ತಿದ್ದಿದೆ. ಆಗ ಕತೆಯನ್ನು ಮೊದಲ ಸಲ ಅಕ್ಕ ಬರೆದ ಹಾಗೆ ಓದಿದೆ. ಕಂಠಪ್ಪ ಬೇರೆಯೇ ಮನುಷ್ಯ. ಮಿಲ್ಲಿನ ಲೆಕ್ಕ ಬರೆಯುವಾಗ ಹಾಡು ಗುನುಗುತ್ತಾನೆ, ಹೆಂಡತಿಗೆ ಹೆದರುತ್ತಾನೆ. ಅವನ ಮೇಲೆ ಅಲ್ಲಲ್ಲಿ ಕನಿಕರವೂ ಬರುತ್ತದೆ. ಮೊಳೆ ಜೋಡಿಸುವಾಗ ನನಗೆ ಅದ್ಯಾವುದೂ ಕಂಡಿರಲಿಲ್ಲ.

ಪುಸ್ತಕ ತರಗತಿಗಳ ಹೊತ್ತಿಗೆ ಬಂತು. ಹುಡುಗಿಯರು ಮತ್ತೆ ಫೋನು ಮಾಡುತ್ತಿದ್ದಾರಂತೆ. ಅಂತೆ ಎಂದೇ ಬರೆಯಬೇಕು, ಯಾಕೆಂದರೆ ಅಕ್ಕ ಈಗ ಅದನ್ನು ನನಗೆ ಹೇಳುವುದಿಲ್ಲ, ಬೇರೆಯವರಿಂದ ಕೇಳುತ್ತೇನೆ. ಊಟಕ್ಕೆ ಕರೆಯುತ್ತಾಳೆ, ಹಬ್ಬಕ್ಕೆ ಬರುತ್ತಾಳೆ. ಮೊದಲು ಏನು ಬರೆದರೂ ನನಗೇ ಮೊದಲು ಓದಲು ಕೊಡುತ್ತಿದ್ದಳು. ಅದು ನಿಂತಿದೆ.

ಮೊನ್ನೆ ಕೊರಟಗೆರೆಗೆ ಬಂದು ಅಂಗಡಿಯಲ್ಲಿ ನನ್ನ ಪಕ್ಕ ಸ್ಟೂಲಿನ ಮೇಲೆ ಕೂತಳು. ಹೊಸ ಕಾದಂಬರಿಗೆ ಕರಾರುಪತ್ರ ಆಗಬೇಕು, ಈ ಸಲ ವಕೀಲೆಗೆ ತೋರಿಸಿಯೇ ಸಹಿ ಹಾಕುವುದು, ತಾನು ಸೇರಿಸಬೇಕೆಂದಿರುವ ಒಂದು ಷರತ್ತನ್ನು ಟೈಪು ಮಾಡಿಕೊಡು ಅಂದಳು. ಕಾದಂಬರಿ ಯಾವುದರ ಬಗ್ಗೆ ಎಂದು ನಾನು ಕೇಳಲಿಲ್ಲ. ಅವಳು ನಿಧಾನವಾಗಿ ಹೇಳಿದಳು, ನಾನು ಹೊಡೆದೆ. ಲೇಖಕಿಯ ಲಿಖಿತ ಒಪ್ಪಿಗೆಯಿಲ್ಲದೆ ಪ್ರಕಾಶಕರು ಕೃತಿಯ ಒಂದು ಪದವನ್ನೂ ಬದಲಿಸಕೂಡದು.

ಅವಳು ಪರದೆಯ ಕಡೆ ಬಾಗಿ ಓದಿದಳು.

"ಪ್ರಕಾಶಕರು ಅಂತ ಐತಲ್ಲ, ಅದರ ಮುಂದೆ ಮುದ್ರಕರು ಅಂತ ಹಾಕು" ಅಂದಳು.

ಹಾಕಿದೆ. ಕಾಗದ ಹೊರಗೆ ಬಂದ ಮೇಲೆ ಅವಳು ಅದನ್ನು ಇನ್ನೊಂದು ಸಲ ಪೂರ್ತಿ ಓದಿ, ಮಡಿಸಿ, ಬ್ಯಾಗಿಗೆ ಇಟ್ಟುಕೊಂಡಳು.